ಹಳೇ ಜೀಪಿನ ಸದ್ದು: ‘ಯಾವಾಗ ಬರ್ತೈತಿ?’

ಹೊಸಪೇಟೆಯ ಹೊರವಲಯದಲ್ಲಿ ಹಳೇ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ ಮಾರುವ ಕಡೆ ಭಾನುವಾರ ಬೆಳಿಗ್ಗೆ ಹೋಗಿ ನೋಡಬೇಕು. ಕೊಳ್ಳಲು ಬಂದವರು ನಾಲ್ಕು ಜನ: ದುಡ್ಡು ಕೊಡುವವನು, ಅವನ ಭಾವಮೈದುನ, ಸುಮ್ಮನೆ ಜತೆಗೆ ಬಂದ ಗೆಳೆಯ, ಮತ್ತೆ ಒಬ್ಬ ಮೆಕ್ಯಾನಿಕ್. ಮೂವರು ಬಣ್ಣ, ಟೈರು, ಮುಂದಿನ ಗಾರ್ಡು ನೋಡುತ್ತ ಸುತ್ತು ಹಾಕುತ್ತಾರೆ. ಮೆಕ್ಯಾನಿಕ್ ಮಾತ್ರ ಬಾನೆಟ್ಟಿನ ಮೇಲೆ ಅಂಗೈ ಇಡುತ್ತಾನೆ. ಬೆಚ್ಚಗಿದ್ದರೆ, ಇವರು ಬರುವ ಮುಂಚೆಯೇ ಎಂಜಿನ್ ಶುರು ಮಾಡಿ ಇಟ್ಟಿದ್ದಾರೆ ಎಂದರ್ಥ. ರಾತ್ರಿಯಿಡೀ ತಣ್ಣಗೆ ನಿಂತ ಡೀಸೆಲ್ ಎಂಜಿನ್ ಮೊದಲ ಅರ್ಧ ನಿಮಿಷದಲ್ಲಿ ಬಿಟ್ಟುಕೊಡುವ ಗುಟ್ಟನ್ನು ಬಿಸಿ ಎಂಜಿನ್ ಬಿಟ್ಟುಕೊಡುವುದಿಲ್ಲ.

ಆಮೇಲೆ ಎಲ್ಲರೂ ಹತ್ತಿ ಒಂದು ಸುತ್ತು ಹೋಗುತ್ತಾರೆ. ಮಾರುವವನ ಕೈ ತಾನಾಗಿ ಮ್ಯೂಸಿಕ್ ಸಿಸ್ಟಮ್ ಕಡೆ ಹೋಗುತ್ತದೆ. ಮೆಕ್ಯಾನಿಕ್ ಅದನ್ನು ಆರಿಸುತ್ತಾನೆ. ಸ್ವಲ್ಪ ದೂರ ಹೋದ ಮೇಲೆ ಹಿಂದಿನ ಸೀಟಿನಿಂದ ಭಾವಮೈದುನ, ‘ಏನೋ ಗುಂಯ್ ಅಂತೈತಲ್ಲ’ ಎನ್ನುತ್ತಾನೆ. ‘ಜೀಪ್ ಅಂದಮ್ಯಾಲ ಸದ್ದು ಇರೋದ ರೀ’ ಎಂದು ಮಾರುವವನ ಸಮಾಧಾನ. ಮೆಕ್ಯಾನಿಕ್ ಇಬ್ಬರಿಗೂ ಉತ್ತರ ಕೊಡದೆ ಕೇಳುವುದು ಒಂದೇ ಮಾತು: ‘ಯಾವಾಗ ಬರ್ತೈತಿ?’

ಹಳೇ ಜೀಪು, ಜಿಪ್ಸಿ, ಥಾರ್ ಕೊಳ್ಳುವವರು ಕಲಿಯಬೇಕಾದ ಪ್ರಶ್ನೆಯೂ ಅದೇ. ಸದ್ದು ಎಂಥದ್ದು ಎಂದರೆ ಒಬ್ಬ ಗುಂಯ್ ಅನ್ನುತ್ತಾನೆ, ಇನ್ನೊಬ್ಬ ಗರಗರ ಅನ್ನುತ್ತಾನೆ. ಯಾವಾಗ ಎಂದರೆ ಅಂಥ ತಕರಾರು ಇರುವುದಿಲ್ಲ. ಆಕ್ಸಲರೇಟರ್ ಒತ್ತಿದಾಗಲೋ ಬಿಟ್ಟಾಗಲೋ, ಎಡಕ್ಕೆ ತಿರುಗಿಸಿದಾಗಲೋ ಬಲಕ್ಕೋ, ಕ್ಲಚ್ ತುಳಿದಾಗಲೋ ಕಾಲು ತೆಗೆದಾಗಲೋ. ಇಷ್ಟು ಗೊತ್ತಾದರೆ ಸದ್ದು ಹೊರಡುವ ಜಾಗ ಮುಕ್ಕಾಲು ಪಾಲು ಸಿಕ್ಕಂತೆ.

ಒಂದೇ ಸೀಮೆ, ಮೂರು ನೆಲ

ಹೊಸಪೇಟೆಯನ್ನು ನಡುವೆ ಇಟ್ಟು ಸುಮಾರು 30 ಕಿ.ಮೀ. ಸುತ್ತಿದರೆ ಗಾಡಿಯನ್ನು ಮೂರು ಬಗೆಯಲ್ಲಿ ಸವೆಸುವ ನೆಲ ಸಿಗುತ್ತದೆ. ದಕ್ಷಿಣಕ್ಕೆ ಸಂಡೂರಿನ ಗುಡ್ಡಗಳು, ಅದಿರಿನ ಕೆಂಧೂಳು. ಈಶಾನ್ಯಕ್ಕೆ ಹಂಪಿ, ಕಮಲಾಪುರದ ಕಡೆ ಕಣಶಿಲೆಯ ಬಂಡೆ, ಮೊನಚು ಕಲ್ಲಿನ ದಾರಿ. ಇನ್ನೂ ಮುಂದೆ ಕಂಪ್ಲಿ: ತುಂಗಭದ್ರಾ ಕಾಲುವೆಯ ನೀರು, ಭತ್ತದ ಗದ್ದೆ, ಬಾಳೆ ತೋಟ, ಮಳೆಗಾಲದಲ್ಲಿ ಗಾಲಿ ಮುಳುಗುವ ಕೆಸರು. ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆಯೇ ಮುಳುಗಿ ಸಂಚಾರ ನಿಲ್ಲುತ್ತದೆ.

ಒಂದೇ ಮಾದರಿಯ, ಒಂದೇ ವರ್ಷದ ಮೂರು ಗಾಡಿಗಳು ಈ ಮೂರು ನೆಲಗಳಲ್ಲಿ ಬೇರೆ ಬೇರೆ ರೀತಿ ಮುದಿಯಾಗುತ್ತವೆ. ಸಂಡೂರಿನಲ್ಲಿ ದುಡಿದದ್ದಕ್ಕೆ ಎಂಜಿನ್ ಒಳಗೆ ಪೆಟ್ಟು. ಕಲ್ಲಿನ ದಾರಿಯಲ್ಲಿ ಓಡಿದ್ದಕ್ಕೆ ಕಮಾನು ಪಟ್ಟಿ, ಬುಷ್, ಸ್ಟೀರಿಂಗ್ ಕೊಂಡಿಗಳಿಗೆ ಪೆಟ್ಟು. ಕಂಪ್ಲಿಯ ಗದ್ದೆ ಕಂಡಿದ್ದಕ್ಕೆ ಬೇರಿಂಗು, ಎಣ್ಣೆ ಸೀಲು, ತುಕ್ಕು. ಹಾಗಾಗಿ ‘ಎಷ್ಟು ಕಿಲೋಮೀಟರ್ ಓಡಿದೆ’ ಎನ್ನುವುದಕ್ಕಿಂತ ‘ಎಲ್ಲಿ ಓಡಿದೆ’ ಎಂದು ಕೇಳುವುದೇ ಜಾಣತನ.

ಗಣಿಯಿಂದ ಇಳಿದು ಬಂದದ್ದು

ಈ ಭಾಗದಲ್ಲಿ ಸೆಕೆಂಡ್ ಹ್ಯಾಂಡ್ ಜೀಪು, ಬೊಲೆರೊ, ಕ್ಯಾಂಪರ್ ಎಂದರೆ ಗಣಿಯ ನೆರಳು ಇದ್ದೇ ಇರುತ್ತದೆ. ದೋಣಿಮಲೈನಲ್ಲಿ ಎನ್‌ಎಂಡಿಸಿ 1977ರಿಂದ ಅದಿರು ತೆಗೆಯುತ್ತಿದೆ. ಸಂಡೂರು ಮ್ಯಾಂಗನೀಸ್ ಕಂಪನಿ ಶುರುವಾದದ್ದು 1954ರಲ್ಲಿ. ನಂತರ ಬಂದ ಅದಿರಿನ ಅಬ್ಬರ, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ಹಾಕಿದ ತಡೆ, ಆಮೇಲೆ ಹಂತ ಹಂತವಾಗಿ ಮತ್ತೆ ತೆರೆದದ್ದು, ಎಲ್ಲವೂ ಗೊತ್ತಿರುವ ಕಥೆ. ಗಣಿ ಓಡಿದಾಗ ಗಾಡಿಗೆ ಬಿಡುವಿಲ್ಲ, ಗಣಿ ನಿಂತಾಗ ಗಾಡಿ ಮಾರಾಟಕ್ಕೆ.

ಗಣಿ ಗಾಡಿಯ ಮೀಟರ್ ನಂಬುವಂತಿಲ್ಲ. ಯಾರೋ ತಿರುಗಿಸಿರುತ್ತಾರೆ ಎಂದಲ್ಲ. ತಿರುಗಿಸದಿದ್ದರೂ ಅದು ಪೂರ್ತಿ ನಿಜ ಹೇಳುವುದಿಲ್ಲ. ಗುಡ್ಡದ ಮೇಲೆ ಗಾಡಿ ಇಡೀ ದಿನ ಒಂದನೇ, ಎರಡನೇ ಗೇರಿನಲ್ಲಿ ತೆವಳುತ್ತದೆ. ಸಾಹೇಬರು ಇಳಿದು ನಿಂತಾಗಲೂ ಎಂಜಿನ್ ಚಾಲೂ. ಗಂಟೆಗೆ 15 ಕಿ.ಮೀ. ವೇಗದಲ್ಲಿ ದುಡಿದ ಎಂಜಿನ್ನಿಗೂ 60ರಲ್ಲಿ ಹೆದ್ದಾರಿ ಹಿಡಿದದ್ದಕ್ಕೂ ಮೀಟರ್ ಒಂದೇ ಅಂಕಿ ತೋರಿಸಿದರೆ, ಮೊದಲನೆಯದು ನಾಲ್ಕು ಪಟ್ಟು ಹೊತ್ತು ತಿರುಗಿದೆ ಎಂದು ಲೆಕ್ಕ.

ಗುರುತು ಹಿಡಿಯುವುದು ಕಷ್ಟವಲ್ಲ. ತೊಳೆದು ಪಾಲಿಶ್ ಮಾಡಿದ ಗಾಡಿಯಲ್ಲೂ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ಸುರುಳಿಯ ಒಳಗಿದ್ದ ಕೊನೆಯ ಒಂದಡಿ ಪಟ್ಟಿಯನ್ನು ತೊಳೆಯುವ ತಾಳ್ಮೆ ಯಾರಿಗೂ ಇರುವುದಿಲ್ಲ. ಅಲ್ಲಿ ಅದಿರಿನ ಕೆಂಪು ಹಾಗೇ ಕೂತಿರುತ್ತದೆ. ಗಣಿಯೊಳಗೆ ದೊಡ್ಡ ಡಂಪರ್‌ಗಳ ಕಣ್ಣಿಗೆ ಬೀಳಲೆಂದು ಸಣ್ಣ ಗಾಡಿಗಳಿಗೆ ಎತ್ತರದ ಬಾವುಟದ ಕಂಬ, ತಲೆಯ ಮೇಲೆ ತಿರುಗುವ ದೀಪ ಹಾಕುತ್ತಾರೆ. ಅವುಗಳ ತೂತು ಮುಚ್ಚಿ ಬಣ್ಣ ಬಳಿದದ್ದು ಬೆರಳಾಡಿಸಿದರೆ ತಿಳಿಯುತ್ತದೆ.

ಗಣಿ ಗಾಡಿ ಎಂದಾಕ್ಷಣ ಬೇಡ ಎನ್ನಬೇಕಾಗಿಲ್ಲ. ಕಂಪನಿಯ ವರ್ಕ್‌ಶಾಪಿನಲ್ಲಿ ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಾದ ಕ್ಯಾಂಪರ್, ಊರಲ್ಲೇ ಇದ್ದು ಎರಡು ವರ್ಷ ಯಾರೂ ಬಾನೆಟ್ ಎತ್ತದ ಥಾರ್‌ಗಿಂತ ಎಷ್ಟೋ ವಾಸಿ. ಬೆಲೆ ಮಾತ್ರ ಗಣಿ ಗಾಡಿಯದ್ದೇ ಕೊಡಬೇಕು.

ಧೂಳು ಒಳಗೆ ಹೋದರೆ

ಅದಿರಿನ ಧೂಳು ಮೆದು ಮಣ್ಣಲ್ಲ. ಹೆಮಟೈಟ್ ಖನಿಜದ ಗಡಸುತನ ಚಾಕುವಿನ ಉಕ್ಕಿನ ಆಸುಪಾಸಿನದು. ಸಂಡೂರಿನ ಗುಡ್ಡಗಳಲ್ಲಿ ಅದರ ಜತೆ ಪಟ್ಟೆ ಪಟ್ಟೆಯಾಗಿ ಇರುವ ಕ್ವಾರ್ಟ್ಜ್ ಅದಕ್ಕಿಂತ ಗಟ್ಟಿ. ಇವೆರಡರ ನಯವಾದ ಪುಡಿ ಗಾಳಿಯ ಜತೆ ಎಂಜಿನ್ನಿಗೆ ಹೋದರೆ ಸಿಲಿಂಡರ್ ಗೋಡೆ, ಪಿಸ್ಟನ್ ರಿಂಗು ತೇಯುತ್ತವೆ.

ತಡೆಯಬೇಕಾದದ್ದು ಏರ್ ಫಿಲ್ಟರ್. ಆದರೆ ಎಡವಟ್ಟು ಹೆಚ್ಚಾಗಿ ಆಗುವುದು ಫಿಲ್ಟರ್‌ನಲ್ಲಿ ಅಲ್ಲ, ಅದರ ಆಚೆಗಿನ ರಬ್ಬರ್ ಕೊಳವೆಯಲ್ಲಿ. ಕ್ಲಿಪ್ ಸಡಿಲವಾಗಿದ್ದರೆ, ಕೊಳವೆ ಬಿರುಕು ಬಿಟ್ಟಿದ್ದರೆ ಗಾಳಿ ಫಿಲ್ಟರನ್ನು ದಾಟದೆ ಅಡ್ಡದಾರಿಯಲ್ಲಿ ನುಗ್ಗುತ್ತದೆ. ಕೊಳವೆ ಬಿಚ್ಚಿ ಒಳಗೆ ಬಿಳಿ ಬಟ್ಟೆ ಆಡಿಸಿ. ಕೆಂಪಾಗಿ ಬಂದರೆ ಆ ಎಂಜಿನ್ ಧೂಳು ಕುಡಿದಿದೆ. ಇನ್ನೊಂದು ಪರೀಕ್ಷೆ: ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಎಣ್ಣೆ ತುಂಬುವ ಮುಚ್ಚಳ ಬಿಚ್ಚಿ ಅಲ್ಲೇ ಮೇಲೆ ಇಡಿ. ಸ್ವಲ್ಪ ಅಲುಗಿದರೆ ಸರಿ. ಬುಸ್ ಬುಸ್ ಎಂದು ಹೊಗೆ ಬಂದು ಮುಚ್ಚಳ ಕುಣಿದರೆ ರಿಂಗು ಸವೆದು ಒತ್ತಡ ಕೆಳಗೆ ಸೋರುತ್ತಿದೆ. ಆಗ ಎಂಜಿನ್ ಕೆಲಸದ ಖರ್ಚು ಸೇರಿಸಿಯೇ ಬೆಲೆ ಮಾತಾಡಬೇಕು.

ಹಳೇ ಮಹೀಂದ್ರ ಜೀಪುಗಳಲ್ಲಿ ಕಾಗದದ ಫಿಲ್ಟರ್ ಬದಲು ಎಣ್ಣೆ ಬೋಗುಣಿಯ ಫಿಲ್ಟರ್ ಇರುತ್ತಿತ್ತು. ಧೂಳಿನ ಗಾಳಿ ಎಣ್ಣೆಯ ಮೇಲೆ ಹಾದು ಮಣ್ಣನ್ನು ಅಲ್ಲೇ ಬಿಟ್ಟು ಹೋಗುತ್ತದೆ. ತಳದ ಕೆಸರು ತೆಗೆದು ಹೊಸ ಎಣ್ಣೆ ಹಾಕುವುದಷ್ಟೇ ಕೆಲಸ. ಕಾಗದದ ಫಿಲ್ಟರ್‌ಗೆ ಪಂಕ್ಚರ್ ಅಂಗಡಿಯ ಗಾಳಿ ಪೈಪು ಹಿಡಿದು ಜೋರಾಗಿ ಊದಿಸುವ ಅಭ್ಯಾಸ ಬಿಡಬೇಕು. ಕಾಗದ ಕಣ್ಣಿಗೆ ಕಾಣದಷ್ಟು ಹರಿಯುತ್ತದೆ, ಆಮೇಲೆ ಅದು ಫಿಲ್ಟರ್ ಆಗಿ ಉಳಿಯುವುದಿಲ್ಲ.

ಸದ್ದಿನ ಜಾಡು ಹಿಡಿದು

ಖಾಲಿ, ಸಮತಟ್ಟಾದ ರಸ್ತೆಯಲ್ಲಿ ಗಾಡಿಯನ್ನು 50–60ಕ್ಕೆ ಒಯ್ಯಿರಿ. ಸದ್ದು ಬರುತ್ತಿದ್ದಂತೆ ನ್ಯೂಟ್ರಲ್‌ಗೆ ತಂದು ಗಾಡಿ ತಾನಾಗಿ ಉರುಳಲು ಬಿಡಿ. ಸದ್ದು ನಿಂತರೆ ಎಂಜಿನ್ ಕಡೆ ಹುಡುಕಬೇಕು. ನಿಲ್ಲದೆ ವೇಗದ ಜತೆ ಇಳಿಯುತ್ತ ಹೋದರೆ ಗಾಲಿ, ಆಕ್ಸಲ್, ಉದ್ದದ ಶಾಫ್ಟು ಇವುಗಳಲ್ಲಿ ಒಂದು. ಈ ಪರೀಕ್ಷೆಯನ್ನು ಸಂಡೂರು ಘಾಟಿಯ ಇಳಿಜಾರಿನಲ್ಲಂತೂ ಮಾಡಬೇಡಿ.

ಗಾಲಿಯ ಬೇರಿಂಗ್ ಹೋಗಿದ್ದರೆ ಗುಂಯ್‌ಗುಡುವಿಕೆ ತಿರುವಿನಲ್ಲಿ ಬದಲಾಗುತ್ತದೆ. ಎಡಕ್ಕೆ ತಿರುಗಿದಾಗ ಭಾರ ಬಲಗಡೆ ಬೀಳುತ್ತದೆ. ಆಗ ಸದ್ದು ಏರಿದರೆ ಬಲಗಾಲಿ, ಬಲಕ್ಕೆ ತಿರುಗಿದಾಗ ಏರಿದರೆ ಎಡಗಾಲಿ. ತಿರುವಿಗೆ ಜಗ್ಗದೆ ಆಕ್ಸಲರೇಟರ್‌ಗೆ ಮಾತ್ರ ಸ್ಪಂದಿಸುವ ಗುಂಯ್ ಬೇರೆ. ಅದು ಹಿಂದಿನ ಆಕ್ಸಲ್ ಹೌಸಿಂಗ್ ಒಳಗಿನ ಕ್ರೌನ್–ಪಿನಿಯನ್ ಹಲ್ಲುಗಾಲಿಗಳದು. ಎಳೆಯುವಾಗ ಹಲ್ಲಿನ ಒಂದು ಮುಖ ಉಜ್ಜುತ್ತದೆ, ಕಾಲು ತೆಗೆದಾಗ ಇನ್ನೊಂದು ಮುಖ. ಅದಕ್ಕೇ ಕಾಲು ತೆಗೆದಾಕ್ಷಣ ರಾಗ ಬದಲಾಗುತ್ತದೆ. ಬೇರಿಂಗ್ ಬದಲಾಯಿಸುವುದು ಅರ್ಧ ದಿನದ ಕೆಲಸ. ಕ್ರೌನ್–ಪಿನಿಯನ್ ಹೊಂದಿಸಲು ಕೈ ಪಳಗಿದವರೇ ಬೇಕು, ಖರ್ಚೂ ಹೆಚ್ಚು. ಹೌಸಿಂಗ್‌ಗೆ ಬೇಕಾದ್ದಕ್ಕಿಂತ ದಪ್ಪ ಎಣ್ಣೆ ತುಂಬಿ ಈ ಗುಂಯ್ ಅಡಗಿಸುವ ಚಾಳಿ ಉಂಟು. ಹೌಸಿಂಗ್ ಬಿಸಿಯಾಗುವಷ್ಟು ದೂರ ಓಡಿಸಿದರೆ ಎಣ್ಣೆ ತೆಳ್ಳಗಾಗಿ ಸದ್ದು ಮರಳಿ ಬರುತ್ತದೆ. ಟೆಸ್ಟ್ ಡ್ರೈವ್ ಎರಡು ಕಿಲೋಮೀಟರಿಗೇ ಮುಗಿಸಬಾರದು ಎನ್ನುವುದು ಇದಕ್ಕೆ.

ನಿಧಾನ ವೇಗದಲ್ಲಿ ಹಕ್ಕಿ ಚಿಲಿಪಿಲಿಗುಟ್ಟಿದಂತೆ ಕಿಚ್ ಕಿಚ್ ಎಂದು ಲಯಬದ್ಧವಾಗಿ ಬರುವ ಸದ್ದು ಹಲವರನ್ನು ದಾರಿ ತಪ್ಪಿಸುತ್ತದೆ. ಗಾಲಿಯದೋ, ಗೇರ್‌ಬಾಕ್ಸ್‌ನಿಂದ ಹಿಂದಕ್ಕೆ ಹೋಗುವ ಶಾಫ್ಟಿನದೋ? ಲಯ ಎಣಿಸಿದರೆ ಉತ್ತರ ಸಿಗುತ್ತದೆ. ಈ ಗಾಡಿಗಳಲ್ಲಿ ಗಾಲಿ ಒಂದು ಸುತ್ತು ತಿರುಗುವಷ್ಟರಲ್ಲಿ ಶಾಫ್ಟು ನಾಲ್ಕೈದು ಸುತ್ತು ತಿರುಗಿರುತ್ತದೆ. ಒಬ್ಬರು ಪಕ್ಕದಲ್ಲಿ ನಡೆಯುತ್ತ ಗಾಲಿಯ ಮೇಲಿನ ಸೀಮೆಸುಣ್ಣದ ಗುರುತು ನೋಡಲಿ. ಸುತ್ತಿಗೊಮ್ಮೆ ಕಿಚ್ ಎಂದರೆ ಗಾಲಿ, ಬ್ರೇಕು. ಸುತ್ತಿಗೆ ನಾಲ್ಕೈದು ಸಲವಾದರೆ ಶಾಫ್ಟಿನ ಕ್ರಾಸ್.

ಕ್ರಾಸ್ ಎಂದರೆ ಅಂಗೈಯಲ್ಲಿ ಹಿಡಿಸುವ ಕೂಡುವ ಗುರುತಿನ (+) ಆಕಾರದ ಉಕ್ಕಿನ ತುಂಡು. ನಾಲ್ಕು ತುದಿಗೂ ಒಂದೊಂದು ಬಟ್ಟಲು, ಬಟ್ಟಲ ಒಳಗೆ ಸುತ್ತಲೂ ಸೂಜಿ ರೋಲರ್‌ಗಳು. ಕಮಾನು ಮೇಲೆ ಕೆಳಗೆ ಆಡಿದಾಗ ಶಾಫ್ಟು ಓರೆಯಾಗಿಯೂ ತಿರುಗುವಂತೆ ಮಾಡುವುದು ಇದೇ. ಕಂಪ್ಲಿ ಕಡೆಯ ನೀರು ಈ ಬಟ್ಟಲಿಗೆ ನುಗ್ಗಿದರೆ ಗ್ರೀಸ್ ತೊಳೆದುಹೋಗಿ ಸೂಜಿಗಳು ತುಕ್ಕು ಹಿಡಿದು ಕೆಂಪು ಹುಡಿಯಾಗುತ್ತವೆ. ಮೊದಲು ಕಿಚ್ ಕಿಚ್. ಆಮೇಲೆ ರಿವರ್ಸ್‌ನಿಂದ ಮುಂದಿನ ಗೇರಿಗೆ ಹಾಕಿದಾಗ ಅಡಿಯಿಂದ ಠಣ್. ಕೊನೆಗೆ ವೇಗದಲ್ಲಿ ನೆಲವೆಲ್ಲ ನಡುಕ. ಸದ್ದು ಕಿಚ್ ಕಿಚ್ ಹಂತದಲ್ಲಿದ್ದಾಗಲೇ ಗ್ರೀಸ್ ಗನ್ ಹಿಡಿದರೆ ಕೆಲವೊಮ್ಮೆ ಉಳಿಯುತ್ತದೆ. ನಡುಕದ ಹಂತದಲ್ಲಿ ಓಡಿಸಿದರೆ ಶಾಫ್ಟು ಕಳಚಿ ರಸ್ತೆಗೆ ಬೀಳುವುದೂ ಉಂಟು.

ಕ್ಲಚ್ ವಿಷಯ ಸುಲಭ. ತುಳಿದಾಗ ಹುಟ್ಟುವ ಸದ್ದು ರಿಲೀಸ್ ಬೇರಿಂಗಿನದು. ನ್ಯೂಟ್ರಲ್‌ನಲ್ಲಿ ಇದ್ದು, ತುಳಿದಾಗ ಮಾಯವಾಗುವುದು ಗೇರ್‌ಬಾಕ್ಸ್ ಬೇರಿಂಗಿನದು. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಮುಂದಿನ ಗಾಲಿಗೂ ಎಳೆತ ಕೊಟ್ಟು ನಿಧಾನಕ್ಕೆ ಹೊರಟಾಗ ಕಟ ಕಟ ಎಂದರೆ ಮುಂದಿನ ಆಕ್ಸಲಿನ ಸಿವಿ ಜಾಯಿಂಟ್ ಸವೆದಿದೆ.

ಹೆದರಬೇಕಿಲ್ಲದವು

ಇವನ್ನೆಲ್ಲ ಓದಿ ಪ್ರತಿ ಸದ್ದಿಗೂ ಗ್ಯಾರೇಜಿಗೆ ಓಡುವವರಿದ್ದಾರೆ. ಜೀಪು ಸದ್ದಿಲ್ಲದ ಗಾಡಿಯಲ್ಲ. ಉಬ್ಬಿನ ಮೇಲೆ ಕಮಾನು ಪಟ್ಟಿ ಕಿರ್ ಎನ್ನುವುದು, ತಣ್ಣಗಿನ ಡೀಸೆಲ್ ಎಂಜಿನ್ ಮೊದಲಿಗೆ ಕಟಕಟಿಸಿ ಬಿಸಿಯಾದಂತೆ ಮೆತ್ತಗಾಗುವುದು, ದಪ್ಪ ಗುಬ್ಬೆಯ ಮಡ್ ಟೈರು ಡಾಂಬರಿನ ಮೇಲೆ ಮೊರೆಯುವುದು, ಲೋ ಗೇರಿನಲ್ಲಿ ಟ್ರಾನ್ಸ್‌ಫರ್ ಕೇಸ್ ಕೊರಗುವುದು, ಇವೆಲ್ಲ ಅದರ ಹುಟ್ಟುಗುಣ.

ಇನ್ನೊಂದು ಈ ಸೀಮೆಯದ್ದೇ. ಕಲ್ಲುದಾರಿ ಮುಗಿಸಿ ಟಾರು ರಸ್ತೆಗೆ ಬಂದಾಕ್ಷಣ ಒಂದು ಗಾಲಿಯಿಂದ ಎದೆ ನಡುಗಿಸುವ ಕಿರುಚಾಟ ಶುರುವಾಗುತ್ತದೆ. ಬಹಳ ಸಲ ಅದು ಬ್ರೇಕ್ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಸಿಕ್ಕಿಕೊಂಡ ಕಡಲೆಕಾಳಿನಷ್ಟು ಹರಳು. ಗಾಡಿಯನ್ನು ಹಿಂದೆ ಮುಂದೆ ನಾಲ್ಕು ಮಾರು ಆಡಿಸಿದರೆ ಬಿದ್ದುಹೋಗುತ್ತದೆ.

ಒಣ ಡಾಂಬರಿನ ಮೇಲೆ ನಾಲ್ಕು ಗಾಲಿ ಎಳೆತ ಹಾಕಿಕೊಂಡೇ ಓಡಿಸಿ, ‘ಗೇರ್ ಲಾಕ್ ಆತು’ ಎಂದು ಗಾಬರಿಯಾಗುವುದು ಹೊಸ ಮಾಲೀಕರ ಪಾಡು. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಕ್ರಮಿಸುತ್ತವೆ. ಥಾರ್, ಜಿಪ್ಸಿಯಂಥ ಗಾಡಿಗಳಲ್ಲಿ ಮುಂದಿನ, ಹಿಂದಿನ ಶಾಫ್ಟುಗಳು ಬಿಗಿಯಾಗಿ ಜತೆಗೂಡಿರುವುದರಿಂದ ಆ ವ್ಯತ್ಯಾಸ ಹೋಗಲು ದಾರಿ ಇಲ್ಲ. ಮಣ್ಣಿನಲ್ಲಾದರೆ ಟೈರು ಜಾರಿ ಸರಿಹೋಗುತ್ತದೆ. ಡಾಂಬರಿನಲ್ಲಿ ತಿರುಚು ಒಳಗೇ ಕೂಡಿ ಗಾಡಿ ಎಗರುತ್ತದೆ, ಲಿವರ್ ಬಿಗಿಯುತ್ತದೆ. ಒಂದೆರಡು ಮಾರು ರಿವರ್ಸ್ ಹೋದರೆ ಬಿಡುತ್ತದೆ. ಹಾಗೆಂದು ಲಿವರನ್ನು ಮುಟ್ಟದೇ ಇರುವುದೂ ತಪ್ಪು. ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಹಾಕಿ ಸ್ವಲ್ಪ ದೂರ ಓಡಿಸದಿದ್ದರೆ ಮುಂದಿನ ಹಬ್ ಜಾಮ್ ಆಗಿ, ಬೇಕಾದ ದಿನ ಕೈಕೊಡುತ್ತದೆ.

ಮತ್ತೊಂದು ಮಾತು. ಕಮಾನಿನ ಕಿರಿಕಿರಿಗೆ ಹಳೇ ಎಂಜಿನ್ ಆಯಿಲ್ ಹೊಡೆಸುವುದು ಬೇಡ. ರಬ್ಬರ್ ಬುಷ್ ಅದನ್ನು ಹೀರಿ ಉಬ್ಬುತ್ತದೆ. ಅದಿರಿನ ಧೂಳು ಅಂಟಿಕೊಂಡು ಅರೆಯುವ ಲೇಪವಾಗುತ್ತದೆ.

ಬಿಸಿ ಹೌಸಿಂಗ್, ತಣ್ಣೀರು

ನನ್ನನ್ನು ಕೇಳಿದರೆ ಇಲ್ಲಿನ ಹಳೇ ಗಾಡಿಗಳಲ್ಲಿ ಯಾರೂ ನೋಡದ, ಆದರೆ ಮೊದಲು ನೋಡಬೇಕಾದ ಭಾಗ ಹೆಬ್ಬೆರಳಿಗಿಂತ ಸಣ್ಣದು: ಆಕ್ಸಲ್ ಕೊಳವೆಯ ಮೇಲೆ ಕೂತಿರುವ ಬ್ರೀದರ್. ಹೌಸಿಂಗ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಇದರಿಂದ ಹೊರಹೋಗುತ್ತದೆ, ಆರಿದಾಗ ಇದರಿಂದಲೇ ಒಳಬರುತ್ತದೆ.

ಈಗ ಗಾಡಿ ಸಂಡೂರಿನಲ್ಲಿ ಎರಡು ವರ್ಷ ದುಡಿಯಿತು ಎನ್ನಿ. ಬ್ರೀದರ್ ಕೆಂಧೂಳಿನಿಂದ ಕಟ್ಟಿಕೊಂಡಿದೆ. ಅದನ್ನು ಕಂಪ್ಲಿಯವರು ಕೊಂಡರು. ಹೊಸಪೇಟೆಯಿಂದ ಹೆದ್ದಾರಿಯಲ್ಲಿ ಜೋರಾಗಿ ಬಂದು, ಕಾದ ಹೌಸಿಂಗ್ ಸಮೇತ ಕಾಲುವೆ ಪಕ್ಕದ ನೀರಿಗೆ ಇಳಿಸಿದರು. ಒಳಗಿನ ಗಾಳಿ ಗಕ್ಕನೆ ಕುಗ್ಗುತ್ತದೆ, ಎಳೆದುಕೊಳ್ಳಲು ಬ್ರೀದರ್ ಇಲ್ಲ. ಆಗ ಎಣ್ಣೆ ಸೀಲಿನ ಅಂಚಿನಿಂದ ನೀರನ್ನೇ ಹೀರಿಕೊಳ್ಳುತ್ತದೆ. ಆ ದಿನ ಏನೂ ಗೊತ್ತಾಗುವುದಿಲ್ಲ. ಕೆಲವು ತಿಂಗಳ ಬಳಿಕ ಅದೇ ಗುಂಯ್ ಶುರು. ಹೌಸಿಂಗಿನ ಬೋಲ್ಟು ಬಿಚ್ಚಿದರೆ ಕಪ್ಪು ಎಣ್ಣೆಯ ಬದಲು ಬೂದುಬಿಳಿ ಬಣ್ಣದ ನೊರೆನೊರೆ ದ್ರವ ಸುರಿಯುತ್ತದೆ. ಅದು ನೀರು ಬೆರೆತ ಎಣ್ಣೆ.

ಪರಿಹಾರ ಅಗ್ಗ. ಬ್ರೀದರ್ ಬಿಚ್ಚಿ ಶುಚಿ ಮಾಡುವುದು, ಅದಕ್ಕೆ ರಬ್ಬರ್ ಕೊಳವೆ ಸಿಕ್ಕಿಸಿ ಹಿಂದಿನ ದೀಪದ ಎತ್ತರಕ್ಕೋ ಬಾನೆಟ್ ಒಳಕ್ಕೋ ತಂದು ಕಟ್ಟುವುದು. ನೀರಿಗಿಳಿಸುವ ಮುಂಚೆ ಹತ್ತು ಹದಿನೈದು ನಿಮಿಷ ನಿಲ್ಲಿಸಿ ಆರಲು ಬಿಡುವುದಕ್ಕೆ ದುಡ್ಡೇ ಬೇಡ. 2020ರ ಅಕ್ಟೋಬರ್ 2ರಂದು ಬಂದ ಹೊಸ ಥಾರ್ 650 ಮಿ.ಮೀ. ಆಳದ ನೀರು ದಾಟಬಲ್ಲದು ಎಂದು ಕಂಪನಿ ಹೇಳುತ್ತದೆ. ಅದು ಸೀಲು, ಬ್ರೀದರ್ ಹೊಸದಾಗಿರುವ ಗಾಡಿಯ ಮಾತು. ಮೂರನೇ ಕೈಗೆ ಬಂದದ್ದಕ್ಕೆ ಆ ಅಂಕಿ ಹಿಡಿದು ಹಳ್ಳಕ್ಕೆ ಇಳಿಸಬಾರದು. ಕೆಸರು ಕಂಡ ಮೇಲೆ ಗಾಡಿ ತೊಳೆಸುವವರು ಗ್ರೀಸ್ ಹೊಡೆಸುವುದನ್ನು ಮರೆಯುತ್ತಾರೆ. ಜೋರು ನೀರಿನ ಪೈಪು ಕ್ರಾಸಿನಲ್ಲಿ ಉಳಿದಿದ್ದ ಗ್ರೀಸನ್ನೂ ತೆಗೆದಿರುತ್ತದೆ.

ಕಾಗದ ಪತ್ರ

ಗಾಡಿಯ ಒಡಲು ನೋಡಿದ್ದಾದರೆ ಆರ್‌ಸಿ ನೋಡಬೇಕು. ಬಳ್ಳಾರಿಯದು ಕೆಎ 34, ಹೊಸಪೇಟೆಯದು ಕೆಎ 35. ಹಕ್ಕು ವರ್ಗಾವಣೆಗೆ ಫಾರಂ 29, 30. ಸಾಲ ತೀರಿದ್ದಕ್ಕೆ ಫಾರಂ 35. ಗಡಿಯಾಚೆ ರಾಯದುರ್ಗ, ಗುಂತಕಲ್ ಕಡೆಯ ಆಂಧ್ರದ ಗಾಡಿಯಾದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಎಂಎಂ 540 ಥರದ ಹಳೇ ಜೀಪುಗಳಲ್ಲಿ ಎಂಜಿನ್ ಬದಲಾಗಿರುವುದು ಸಾಮಾನ್ಯ. ಆರ್‌ಸಿಯಲ್ಲಿ ಒಂದು ನಂಬರು, ಎಂಜಿನ್ ಮೇಲೆ ಇನ್ನೊಂದು ಇದ್ದರೆ ಆ ಗಾಡಿ ಎಷ್ಟೇ ಚೆಂದ ಇದ್ದರೂ ಕೈಬಿಡುವುದು ಮೇಲು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮೂಲ ರೂಪ ಬದಲಿಸುವುದನ್ನು ಒಪ್ಪುವುದಿಲ್ಲ. ದೊಡ್ಡ ಟೈರು, ಕತ್ತರಿಸಿದ ಬಾಡಿ, ಗುಡುಗುವ ಸೈಲೆನ್ಸರ್ ನೋಡಿ ಹೆಚ್ಚು ದುಡ್ಡು ಕೊಡುವವರಿಗೆ ಇದು ನೆನಪಿರಲಿ. ಹಂಪಿಯ ಸ್ಮಾರಕಗಳ ನಡುವೆ ಬಂಡೆ ಹತ್ತಿಸಿ ಫೋಟೊ ತೆಗೆಸಿಕೊಳ್ಳುವ ಆಸೆಯಿದ್ದರೆ ಅದನ್ನೂ ಬಿಡಬೇಕು. ವಿಠ್ಠಲ ದೇಗುಲದ ದಾರಿಗೆ ಬ್ಯಾಟರಿ ಗಾಡಿ ಬಿಟ್ಟಿರುವುದು ಸ್ಮಾರಕಗಳನ್ನು ಕಾಪಾಡಲೆಂದೇ.

ನಿಲ್ಲಿಸಲೇಬೇಕಾದಾಗ

ಕೆಲವು ಸದ್ದು ಕೇಳಿದರೆ ಸಂಜೆವರೆಗೂ ಕಾಯಬಾರದು. ಎಂಜಿನ್ ಅಡಿಯಿಂದ ಭಾರದ ಗುದ್ದು ಕೇಳಿ ಡ್ಯಾಶ್‌ಬೋರ್ಡಿನ ಎಣ್ಣೆ ಎಚ್ಚರಿಕೆ ದೀಪ ಹತ್ತಿದರೆ ಅಲ್ಲೇ ಆಫ್ ಮಾಡಿ, ಟೋ ಮಾಡಿಸಿ. ಬ್ರೇಕ್ ಒತ್ತಿದಾಗ ಕಬ್ಬಿಣಕ್ಕೆ ಕಬ್ಬಿಣ ಗರಗರ ಉಜ್ಜಿದರೂ ಹಾಗೆಯೇ.

ಹಳೇ ಜೀಪುಗಳ ವಿಶೇಷ ಕಾಯಿಲೆ ಇನ್ನೊಂದಿದೆ. 50ರ ಆಸುಪಾಸಿನಲ್ಲಿ ಸಣ್ಣ ಗುಂಡಿ ಸಿಕ್ಕಿತೆಂದರೆ ಮುಂದಿನ ಎರಡೂ ಗಾಲಿ ತಟತಟ ಹೊಡೆದುಕೊಂಡು ಸ್ಟೀರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ. ಬ್ರೇಕನ್ನು ಗಕ್ಕನೆ ಹಾಕದೆ, ಕಾಲು ತೆಗೆದು ವೇಗ ಇಳಿಸಿದರೆ ನಿಲ್ಲುತ್ತದೆ. ಹಲವರು ಗಾಲಿ ಬ್ಯಾಲೆನ್ಸ್ ಮಾಡಿಸಿ ಸುಮ್ಮನಾಗುತ್ತಾರೆ. ಬ್ಯಾಲೆನ್ಸ್ ತಪ್ಪಿದ್ದು ನಡುಕಕ್ಕೆ ನೆಪವಾಗಬಹುದು. ಅದಕ್ಕೆ ಎಡೆ ಕೊಡುವುದು ಸವೆದ ಕಿಂಗ್‌ಪಿನ್ ಬೇರಿಂಗು, ಟೈರಾಡ್ ತುದಿ, ಕಮಾನಿನ ಶ್ಯಾಕಲ್ ಬುಷ್. ಮುಂದಿನ ಆಕ್ಸಲನ್ನು ಜ್ಯಾಕ್ ಮೇಲೆ ಎತ್ತಿ, ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಕಿಂಗ್‌ಪಿನ್ ಬೇರಿಂಗಿನ ಆಟ ಕೈಗೇ ಸಿಗುತ್ತದೆ. ಸಿಕ್ಕರೆ, ರಿಪೇರಿ ಆಗುವವರೆಗೆ ಆ ಗಾಡಿಯನ್ನು ಅದಿರು ಲಾರಿಗಳು ಎದುರಾಗುವ ಸಂಡೂರು ರಸ್ತೆಗೆ ಒಯ್ಯಬಾರದು.